ಹಳೇ ಗಾಜಿನ ಬಾಟಲಿಯಿಂದ ಮನೆ ಅಲಂಕಾರ: ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಬನ್ನೇರುಘಟ್ಟ ರಸ್ತೆಯಿಂದ ಅರೆಕೆರೆ ಕಡೆಗೆ ತಿರುಗಿ ಯಾವುದಾದರೂ ಅಡ್ಡರಸ್ತೆಯಲ್ಲಿ ಹತ್ತು ನಿಮಿಷ ನಡೆಯಿರಿ. ಒಂದು ಮನೆಯ ಗೇಟಿನ ಮುಂದೆ ನೀಲಿ ನೀರು ತುಂಬಿದ ಬಾಟಲಿ ಕಾಣುತ್ತದೆ. ಇನ್ನೊಂದು ಮನೆಯ ಬಾಲ್ಕನಿಯಲ್ಲಿ ಹಸಿರು ಬಾಟಲಿಯಿಂದ ಮನಿ ಪ್ಲಾಂಟ್ ಇಳಿಬಿದ್ದಿರುತ್ತದೆ. ಮೈಕೋ ಲೇಔಟಿನ ಅಪಾರ್ಟ್‌ಮೆಂಟ್‌ಗಳ ಶೋಕೇಸಿನಲ್ಲಿ ಗೋಲಿ ಸೋಡಾ ಬಾಟಲಿ, ಹಳೇ ಇಂಕ್ ಬಾಟಲಿ, ಒಳಗೆ ಮಿಣುಕುವ ಪುಟ್ಟ ಲೈಟುಗಳು. ಗುಜರಿ ಅಂಗಡಿಗೆ ಹೋಗಬೇಕಿದ್ದ ಬಾಟಲಿ ಮನೆಯ ಅಂದ ಹೆಚ್ಚಿಸಿದರೆ ಒಳ್ಳೆಯದೇ. ಖರ್ಚು ಕಡಿಮೆ, ಕಸವೂ ಕಡಿಮೆ.

ಆದರೆ ಈ ಬಾಟಲಿಗಳ ಹಿಂದೆಯೇ ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಳ ಸಾಲೂ ಬರುತ್ತಿದೆ. ದಾರ ಸುತ್ತಿ ಬೆಂಕಿ ಹಚ್ಚಿ ಬಾಟಲಿ ಕತ್ತರಿಸಿ ಎನ್ನುತ್ತದೆ ಒಂದು. ಬಾಟಲಿಯಲ್ಲಿ ಗಿಡ ಇಟ್ಟರೆ ಮನೆಯ ಗಾಳಿ ಶುದ್ಧ ಎನ್ನುತ್ತದೆ ಇನ್ನೊಂದು. ನಿಮ್ಮ ಅಟ್ಟದ ಬಾಟಲಿಗೆ ಲಕ್ಷ ರೂಪಾಯಿ ಎನ್ನುತ್ತದೆ ಮತ್ತೊಂದು. ಇವುಗಳಲ್ಲಿ ಕೆಲವು ನಿರುಪದ್ರವಿ ಸುಳ್ಳುಗಳು. ಕೆಲವು ಮಾತ್ರ ಮನೆಯವರನ್ನು ಆಸ್ಪತ್ರೆಗೆ ಕಳಿಸಬಲ್ಲವು. ಬನ್ನಿ, ಒಂದೊಂದನ್ನೇ ನೋಡೋಣ.

ಫಾರ್ವರ್ಡ್ 1: "ನೀಲಿ ನೀರಿನ ಬಾಟಲಿ ಇಟ್ಟರೆ ಬೀದಿನಾಯಿ ಹತ್ತಿರ ಬರಲ್ಲ"

ಬೆಂಗಳೂರಿನಲ್ಲಿ ಇದನ್ನು ನೋಡದವರೇ ಇಲ್ಲ. ಕೆಲವರು ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಬೆರೆಸುತ್ತಾರೆ, ಕೆಲವರು ಕುಂಕುಮ ಕದಡಿ ಕೆಂಪು ನೀರು ಇಡುತ್ತಾರೆ. ನಾಯಿ ಆ ಬಣ್ಣ ನೋಡಿ ಹೆದರುತ್ತದೆ, ಗೇಟಿನ ಬಳಿ ಗಲೀಜು ಮಾಡುವುದಿಲ್ಲ ಎಂಬುದು ನಂಬಿಕೆ. ಇದು ನಮ್ಮ ಊರಿನದ್ದು ಮಾತ್ರವಲ್ಲ. ಜಪಾನಿನಲ್ಲಿ ಬೆಕ್ಕುಗಳನ್ನು ದೂರ ಇಡಲು ಮನೆಯ ಮುಂದೆ ನೀರಿನ ಬಾಟಲಿ ಸಾಲಾಗಿ ಇಡುವ ರೂಢಿ ಇದೆ.

ನಾಯಿಯ ಕಣ್ಣು ಏನು ಹೇಳುತ್ತದೆ? ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ. ನಾಯಿಗೆ ಎರಡೇ ಬಗೆ ಎಂದು 1989ರಲ್ಲಿ ಅಮೆರಿಕದ ಜೇ ನೈಟ್ಜ್ ಮತ್ತು ಸಂಗಡಿಗರು ನಾಯಿಗಳಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗದಲ್ಲಿ ತೋರಿಸಿದರು. ನಾಯಿಗೆ ನೀಲಿ ಮತ್ತು ಹಳದಿ ಬಣ್ಣಗಳ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಕೆಂಪು ಮತ್ತು ಹಸಿರಿನ ನಡುವೆ ಗೊಂದಲ. ಅಂದರೆ ಕುಂಕುಮದ ನೀರು ಅದಕ್ಕೆ ಕೆಂಪಾಗಿ ಕಾಣುವುದೇ ಇಲ್ಲ, ಮಾಸಲು ಬಣ್ಣವಾಗಿ ಕಾಣುತ್ತದೆ. ನೀಲಿ ಕಾಣುತ್ತದೆ ನಿಜ, ಆದರೆ ಕಾಣುವುದೇ ಬೇರೆ, ಹೆದರುವುದೇ ಬೇರೆ. ನಾಯಿ ನೀಲಿ ಬಣ್ಣಕ್ಕೆ ಹೆದರುವುದಾದರೆ ನೀಲಿ ಕಾರಿನ ನೆರಳಿನಲ್ಲಿ ಯಾವ ನಾಯಿಯೂ ಮಲಗಬಾರದಿತ್ತು.

ಹಾಗಾದರೆ "ನಮ್ಮ ಮನೆಯಲ್ಲಿ ಕೆಲಸ ಮಾಡಿದೆ" ಎಂದು ಜನ ಹೇಳುವುದೇಕೆ? ಹೊಸ ವಸ್ತು ಕಂಡಾಗ ನಾಯಿ ಒಂದೆರಡು ದಿನ ದೂರದಿಂದ ನೋಡಬಹುದು. ಆಮೇಲೆ ರೂಢಿಯಾಗುತ್ತದೆ. ನಾಯಿ ಬರದ ದಿನ ಬಾಟಲಿ ನೆನಪಾಗುತ್ತದೆ, ಬಂದ ದಿನ ಮರೆತುಹೋಗುತ್ತದೆ. ಅನುಮಾನವಿದ್ದರೆ ನೀವೇ ಪರೀಕ್ಷೆ ಮಾಡಿ. 14 ದಿನ, ಒಂದು ದಿನ ಬಾಟಲಿ ಇಡಿ, ಮರುದಿನ ತೆಗೆಯಿರಿ. ಪ್ರತಿದಿನ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಲೆಕ್ಕ ನಿಮ್ಮ ಕಣ್ಣೆದುರೇ ಇರುತ್ತದೆ.

ನಾಯಿ ಮತ್ತೆ ಮತ್ತೆ ಅದೇ ಜಾಗಕ್ಕೆ ಬರುವುದು ವಾಸನೆಗಾಗಿ. ಆ ಜಾಗವನ್ನು ಸೋಪು ನೀರಿನಿಂದ ತಿಕ್ಕಿ ತೊಳೆದು, ಕಸದ ಚೀಲವನ್ನು ರಾತ್ರಿಯೇ ಗೇಟಿನ ಹೊರಗೆ ಇಡುವುದನ್ನು ನಿಲ್ಲಿಸಿದರೆ ಬಾಟಲಿಗಿಂತ ಹೆಚ್ಚು ಪ್ರಯೋಜನ. ಗೇಟಿನ ಮುಂದೆ ನೆಲದ ಮೇಲೆ ಗಾಜಿನ ಬಾಟಲಿಯನ್ನಂತೂ ಇಡಲೇಬೇಡಿ. ಉರುಳಿ ಒಡೆದರೆ ಪೆಟ್ಟಾಗುವುದು ಆಡುವ ಮಕ್ಕಳಿಗೆ, ಗುಡಿಸುವ ಪೌರಕಾರ್ಮಿಕರಿಗೆ.

ನಮ್ಮ ತೀರ್ಮಾನ: ಸುಳ್ಳು.

ಫಾರ್ವರ್ಡ್ 2: "ಬಾಟಲಿಯಲ್ಲಿ ಮನಿ ಪ್ಲಾಂಟ್ ಇಡಿ, ಗಾಳಿ ಶುದ್ಧ ಮಾಡುತ್ತೆ ಎಂದು ನಾಸಾ ಹೇಳಿದೆ"

ಈ ಫಾರ್ವರ್ಡ್‌ನ ಹಿಂದೆ ನಿಜವಾದ ಒಂದು ಅಧ್ಯಯನ ಇದೆ. 1989ರಲ್ಲಿ ನಾಸಾದ ಬಿಲ್ ವೋಲ್ವರ್ಟನ್ ಮತ್ತು ಸಂಗಡಿಗರು ಕೆಲವು ಒಳಾಂಗಣ ಗಿಡಗಳು ಗಾಳಿಯಲ್ಲಿನ ಹಾನಿಕಾರಕ ರಾಸಾಯನಿಕಗಳನ್ನು ಕಡಿಮೆ ಮಾಡುತ್ತವೆ ಎಂದು ವರದಿ ಮಾಡಿದರು. ಆದರೆ ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ನಮ್ಮ ಮನೆಯಲ್ಲಿ ಕಿಟಕಿ ಇದೆ, ಬಾಗಿಲು ಇದೆ, ಗಾಳಿ ಬರುತ್ತಾ ಹೋಗುತ್ತಾ ಇರುತ್ತದೆ.

2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಹಲವು ಪ್ರಯೋಗಗಳ ಲೆಕ್ಕವನ್ನು ಮತ್ತೆ ಹಾಕಿ ನೋಡಿದರು. ಕಿಟಕಿ ಬಾಗಿಲುಗಳಿಂದ ಸಹಜವಾಗಿ ಬರುವ ಗಾಳಿಯಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ, ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕಾಗುತ್ತದೆ ಎಂದು ಅವರು ಕಂಡುಕೊಂಡರು. 10 ಅಡಿ ಉದ್ದ, 10 ಅಡಿ ಅಗಲದ ಕೋಣೆ ಎಂದರೆ ಸುಮಾರು 9 ಚದರ ಮೀಟರ್. ಕಡಿಮೆ ಎಂದರೂ 90 ಗಿಡ. ಆಮೇಲೆ ಮಂಚ ಎಲ್ಲಿ ಹಾಕುತ್ತೀರಿ? ಕಿಟಕಿ ತೆರೆದಿಡುವುದೇ ಸುಲಭ.

ಇನ್ನು "ಕದ್ದು ತಂದ ಮನಿ ಪ್ಲಾಂಟ್ ಮಾತ್ರ ಚೆನ್ನಾಗಿ ಬೆಳೆಯುತ್ತೆ, ಹಣ ತರುತ್ತೆ" ಎಂಬ ಮಾತು. ಈ ಬಳ್ಳಿಯ ಮೂಲ ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪ. ಬೇರು ಬಿಡಲು ಅದಕ್ಕೆ ಬೇಕಾದದ್ದು ಕಾಂಡದ ಮೇಲೆ ಒಂದು ಗಿಣ್ಣು ಮತ್ತು ನೀರು ಮಾತ್ರ. ಕದ್ದು ತಂದರೂ ಅಷ್ಟೇ, ಪಕ್ಕದ ಮನೆಯ ಆಂಟಿಯನ್ನು ಕೇಳಿ ತಂದರೂ ಅಷ್ಟೇ. ಗಿಣ್ಣು ನೀರಿನೊಳಗೆ ಇರುವಂತೆ ಇಡಿ. ಒಂದು ವಿಷಯ ನೆನಪಿರಲಿ: ಇದರ ಎಲೆ, ಕಾಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಮಗುವೋ ಸಾಕುನಾಯಿಯೋ ಅಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಕೈಗೆ ಸಿಗದ ಎತ್ತರದಲ್ಲಿಡಿ.

ನಮ್ಮ ತೀರ್ಮಾನ: ಗಿಡ ಚೆಂದ, ಗಾಳಿ ಶುದ್ಧವಾಗುವ ಮಾತು ಉತ್ಪ್ರೇಕ್ಷೆ.

ಫಾರ್ವರ್ಡ್ ಹೇಳದ ಮಾತು: ಬಾಟಲಿ ನೀರು ಮತ್ತು ಡೆಂಗಿ

ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯಲ್ಲಿ ಹುಟ್ಟುವುದಕ್ಕಿಂತ ಮನೆಯೊಳಗಿನ ನಿಂತ ಶುದ್ಧ ನೀರಿನಲ್ಲಿ ಹುಟ್ಟುವುದೇ ಹೆಚ್ಚು. ಅದಕ್ಕೆ ಕೆರೆ ಬೇಕಿಲ್ಲ, ತೆಂಗಿನ ಚಿಪ್ಪಿನಷ್ಟು ನೀರು ಸಾಕು. ಮನಿ ಪ್ಲಾಂಟ್ ಅಥವಾ ಲಕ್ಕಿ ಬ್ಯಾಂಬೂ ಇಟ್ಟ ಬಾಟಲಿ ಅದಕ್ಕೆ ಹೇಳಿ ಮಾಡಿಸಿದ ಜಾಗ. 2001ರಲ್ಲಿ ಏಷ್ಯಾದಿಂದ ಹಡಗಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದ ಲಕ್ಕಿ ಬ್ಯಾಂಬೂ ಗಿಡಗಳ ನೀರಿನಲ್ಲೇ ಈಡಿಸ್ ಜಾತಿಯ ಇನ್ನೊಂದು ಸೊಳ್ಳೆ ಸಾಗರ ದಾಟಿತ್ತು.

ಹೆಣ್ಣು ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಒದ್ದೆಯಾಗಿರುವ ಗಾಜಿನ ಗೋಡೆಗೆ. ಅದು ಅಂಟಿಕೊಂಡೇ ಇರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ನೀವು ಮತ್ತೆ ನೀರು ತುಂಬಿದಾಗ ಮರಿ ಹೊರಬರುತ್ತದೆ. ಮೊಟ್ಟೆ ಹಾರುವ ಸೊಳ್ಳೆಯಾಗಲು ಬೆಂಗಳೂರಿನ ಹವೆಯಲ್ಲಿ ಹೆಚ್ಚುಕಡಿಮೆ ಒಂದು ವಾರದಿಂದ ಹತ್ತು ದಿನ.

ಈ ಮೂರು ಸಂಗತಿಗಳಿಂದ ಮಾಡಬೇಕಾದ ಕೆಲಸವೂ ತಾನೇ ಹೊಳೆಯುತ್ತದೆ:

• ವಾರಕ್ಕೊಮ್ಮೆ, ಒಂದೇ ದಿನ ನಿಗದಿ ಮಾಡಿಕೊಂಡು, ಎಲ್ಲಾ ಬಾಟಲಿಗಳ ನೀರು ಬದಲಿಸಿ. ಹತ್ತು ದಿನಕ್ಕೆ ಮುಂದೂಡಿದರೆ ಸೊಳ್ಳೆ ನಿಮಗಿಂತ ಮೊದಲು ಕೆಲಸ ಮುಗಿಸಿರುತ್ತದೆ.
• ನೀರು ಚೆಲ್ಲಿದರೆ ಸಾಲದು. ಬಾಟಲಿ ಬ್ರಷ್‌ನಿಂದ ಒಳಗೋಡೆ ತಿಕ್ಕಬೇಕು. ಮೊಟ್ಟೆ ಇರುವುದು ಅಲ್ಲೇ.
• ಹಳೆಯ ನೀರನ್ನು ಬಿಸಿಲು ಬೀಳುವ ಒಣ ಮಣ್ಣಿಗೆ ಸುರಿಯಿರಿ.
• ಬಾಟಲಿಯ ಬಾಯಲ್ಲಿ ಕಾಂಡದ ಸುತ್ತ ಹತ್ತಿ ಅಥವಾ ಬಲೆ ಬಟ್ಟೆ ತುರುಕಿ.
• ಬಾಲ್ಕನಿಯಲ್ಲಿ ಖಾಲಿ ಇಟ್ಟ ಬಾಟಲಿಗಳನ್ನು ತಲೆಕೆಳಗಾಗಿಸಿ. ಒಂದು ಮಳೆ ಸಾಕು, ಅವು ತುಂಬಿಕೊಳ್ಳುತ್ತವೆ.
• ಇದೆಲ್ಲ ಆಗದು ಎನಿಸಿದರೆ ನೀರಿನ ಬದಲು ಮಣ್ಣಿನಲ್ಲಿ ಗಿಡ ನೆಡಿ, ಬಾಟಲಿಯನ್ನು ಒಣದಾಗಿಯೇ ಶೋಕೇಸಿನಲ್ಲಿಡಿ.

2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚನೆ ಹೊರಡಿಸಿತು. ಸೊಳ್ಳೆ ಹುಟ್ಟಲು ಜಾಗ ಕೊಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನೂ ಗೊತ್ತುಪಡಿಸಿತು. ದಂಡ ದೊಡ್ಡ ವಿಷಯವಲ್ಲ. ನಿಮ್ಮ ಬಾಟಲಿಯ ಸೊಳ್ಳೆ ಮೊದಲು ಕಚ್ಚುವುದು ನಿಮ್ಮ ಮನೆಯವರನ್ನೇ ಎಂಬುದು ದೊಡ್ಡ ವಿಷಯ.

ಫಾರ್ವರ್ಡ್ 3: "ದಾರ, ಸೀಮೆಎಣ್ಣೆ, ಬೆಂಕಿ: 2 ನಿಮಿಷದಲ್ಲಿ ಬಾಟಲಿ ಕತ್ತರಿಸಿ"

ವೀಡಿಯೊದಲ್ಲಿ ಎಷ್ಟು ಸಲೀಸು! ದಾರವನ್ನು ಸೀಮೆಎಣ್ಣೆಯಲ್ಲೋ ನೈಲ್ ಪಾಲಿಶ್ ರಿಮೂವರ್‌ನಲ್ಲೋ ಅದ್ದಿ, ಬಾಟಲಿಗೆ ಸುತ್ತಿ, ಬೆಂಕಿ ಹಚ್ಚಿ, ತಣ್ಣೀರಿಗೆ ಅದ್ದಿದರೆ "ಟಕ್" ಎಂದು ಎರಡು ತುಂಡು.

ವಿಜ್ಞಾನದ ಮಟ್ಟಿಗೆ ಇದು ಸುಳ್ಳಲ್ಲ. ಬಿಸಿಯಾದ ಗಾಜು ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಗಾಜು ಶಾಖವನ್ನು ಬೇಗ ಹರಡಲು ಬಿಡುವುದಿಲ್ಲ. ಹಾಗಾಗಿ ಒಂದು ಕಡೆ ಹಿಗ್ಗಿ ಪಕ್ಕದಲ್ಲೇ ಕುಗ್ಗಿದಾಗ ನಡುವೆ ಎಳೆದಾಟವಾಗಿ ಸೀಳುತ್ತದೆ. ಸಾಮಾನ್ಯ ಬಾಟಲಿಯ ಗಾಜು ಮರಳು, ಸೋಡಾ ಮತ್ತು ಸುಣ್ಣದಿಂದ ಆದದ್ದು. ಲ್ಯಾಬಿನಲ್ಲಿ ಬಳಸುವ ಬೋರೋಸಿಲಿಕೇಟ್ ಗಾಜಿಗಿಂತ ಇದು ಸುಮಾರು ಮೂರು ಪಟ್ಟು ಹೆಚ್ಚು ಹಿಗ್ಗುತ್ತದೆ. ಹಾಗಾಗಿಯೇ ಬಿಸಿ ಕಾಫಿಗೆ ಸಾಮಾನ್ಯ ಗಾಜಿನ ಲೋಟ ಆಗಾಗ ಬಿರುಕು ಬಿಡುವುದು.

ತೊಂದರೆ ಏನೆಂದರೆ ಸೀಳು ದಾರದ ಗೆರೆಯಲ್ಲೇ ಹೋಗಬೇಕೆಂದು ಯಾವ ನಿಯಮವೂ ಇಲ್ಲ. ಹಳೆಯ ಬಾಟಲಿಯಲ್ಲಿ ಕಣ್ಣಿಗೆ ಕಾಣದ ಗೀರು, ಗುಳ್ಳೆ, ದಪ್ಪ ತೆಳುವು ಇರುತ್ತವೆ. ಸೀಳು ಅತ್ತ ಹರಿದರೆ ಚೂರುಗಳು ಸಿಡಿಯುತ್ತವೆ. ಮದ್ಯದ ಬಾಟಲಿಯಾದರೆ ಒಳಗೆ ಉಳಿದ ಆವಿಗೂ ಬೆಂಕಿ ಹೊತ್ತಬಹುದು. ರಿಮೂವರ್‌ನ ಅಸಿಟೋನ್ ಎಷ್ಟು ಬೇಗ ಆವಿಯಾಗುತ್ತದೆಂದರೆ ಬೆಂಕಿ ದಾರದಿಂದ ಪಕ್ಕದ ಡಬ್ಬಿಗೆ, ಕೈಗೆ ಹಾರುವುದು ಕ್ಷಣದ ಮಾತು. ಕತ್ತರಿಸಿದ ಅಂಚನ್ನು ಒಣ ಮರಳು ಕಾಗದದಲ್ಲಿ ಉಜ್ಜಿದರೆ ಏಳುವ ಗಾಜಿನ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ.

ಕತ್ತರಿಸಲೇಬೇಕೆಂದಿದ್ದರೆ ಬೆಂಕಿ ಬೇಡ. ಗಾಜಿಗೆ ಗೆರೆ ಎಳೆಯುವ ಬಾಟಲಿ ಕಟರ್ ಸಿಗುತ್ತದೆ. ಒಂದೇ ಸಲ ಗೆರೆ ಎಳೆದು, ಅದರ ಮೇಲೆ ಬಿಸಿನೀರು, ಆಮೇಲೆ ತಣ್ಣೀರು ಸುರಿಯುತ್ತಾ ಹೋದರೆ ಗೆರೆಯ ಉದ್ದಕ್ಕೂ ಬಿಡುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್, ಕಾಲಿಗೆ ಶೂ ಇರಲಿ. ಅಂಚನ್ನು ನೀರಿನಲ್ಲಿ ಅದ್ದಿಕೊಂಡೇ ಉಜ್ಜಿ. ಮಕ್ಕಳು ಹತ್ತಿರ ಬೇಡ. ಅದಕ್ಕಿಂತ ಒಳ್ಳೆಯ ಮಾತು: ಹಳೆಯ ಬಾಟಲಿಯ ಬೆಲೆ ಇರುವುದೇ ಅದರ ಇಡೀ ಆಕಾರದಲ್ಲಿ. ಕತ್ತರಿಸದೇ ಇಡಿ.

ದೀಪಾವಳಿಗೆ ಬಾಟಲಿಯೊಳಗೆ ಮೇಣದಬತ್ತಿ, ಎಣ್ಣೆ ದೀಪ ಹಚ್ಚುವವರಿಗೂ ಇದೇ ಎಚ್ಚರಿಕೆ. ಕಿರಿದಾದ ಬಾಟಲಿಯ ಗೋಡೆ ಒಂದೇ ಕಡೆ ಕಾದು ಸಿಡಿಯಬಹುದು. ಅಗಲ ಬಾಯಿಯ ಜಾರ್‌ನಲ್ಲಿ, ತಳದಲ್ಲಿ ಮರಳು ಹಾಕಿ, ನಡುವೆ ಸಣ್ಣ ದೀಪ ಇಡಿ.

ನಮ್ಮ ತೀರ್ಮಾನ: ವಿಜ್ಞಾನ ನಿಜ, ಮನೆಯಲ್ಲಿ ಮಾಡುವುದು ಅಪಾಯ. ಈ ವೀಡಿಯೊ ಫಾರ್ವರ್ಡ್ ಮಾಡಬೇಡಿ.

ಫಾರ್ವರ್ಡ್ 4: "ಬಾಟಲಿ ಲೈಟ್: ಮಕ್ಕಳ ಕೋಣೆಗೆ ಸೂಪರ್!"

ಕಾರ್ಕ್ ಆಕಾರದ ಮುಚ್ಚಳದಿಂದ ಇಳಿಬೀಳುವ ತಂತಿ, ಅದರ ತುಂಬ ಪುಟ್ಟ ಎಲ್‌ಇಡಿ. ಇದು ಬಿಸಿಯಾಗುವುದಿಲ್ಲ, ಗಾಜಿಗೆ ತೊಂದರೆಯಿಲ್ಲ. ಅಪಾಯ ಇರುವುದು ಆ ಮುಚ್ಚಳದೊಳಗಿನ ಗುಂಡಿಯಾಕಾರದ ಬಟನ್ ಸೆಲ್‌ಗಳಲ್ಲಿ.

ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆ ಮಾಂಸಖಂಡದ ಮೂಲಕ ವಿದ್ಯುತ್ ಹರಿದು ಅಲ್ಲೇ ಕಾಸ್ಟಿಕ್ ಸೋಡಾದಂಥ ಕ್ಷಾರ ಉಂಟಾಗುತ್ತದೆ. ದೊಡ್ಡ ನಾಣ್ಯದಂಥ ಲಿಥಿಯಂ ಸೆಲ್ ಎರಡೇ ಗಂಟೆಯಲ್ಲಿ ಗಂಭೀರ ಸುಟ್ಟಗಾಯ ಮಾಡಬಲ್ಲದು. "ಖಾಲಿ" ಸೆಲ್‌ನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ಮೂಗು, ಕಿವಿಯಲ್ಲಿ ತುರುಕಿಕೊಂಡರೂ ಅಪಾಯವೇ.

ಮಗು ಸೆಲ್ ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಬಾಳೆಹಣ್ಣು ತಿನ್ನಿಸಿ ಕಾಯಬೇಡಿ, "ನಾಳೆ ಹೊರಗೆ ಬರುತ್ತೆ ಬಿಡು" ಎನ್ನಬೇಡಿ. ತಕ್ಷಣ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಸ್ಕ್ರೂ ಹಾಕಿ ಮುಚ್ಚುವ ಬ್ಯಾಟರಿ ಡಬ್ಬಿಯ ಲೈಟನ್ನೇ ಕೊಳ್ಳಿ.

ನಮ್ಮ ತೀರ್ಮಾನ: ಹಾಲ್‌ನಲ್ಲಿ, ಎತ್ತರದಲ್ಲಿ ಸರಿ. ಮಕ್ಕಳ ಕೋಣೆಗೆ ಬೇಡ.

ಫಾರ್ವರ್ಡ್ 5: "ಕಿಟಕಿಯಲ್ಲಿಟ್ಟ ನೀರಿನ ಬಾಟಲಿಯಿಂದ ಮನೆಗೆ ಬೆಂಕಿ!"

ಓದಿದರೆ ಉತ್ಪ್ರೇಕ್ಷೆ ಎನಿಸುತ್ತದೆ. ಆದರೆ ಇದರಲ್ಲಿ ಹುರುಳಿದೆ. ನೀರು ತುಂಬಿದ ದುಂಡು ಬಾಟಲಿ ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಸೇರಿಸುತ್ತದೆ. ಗೋಲಾಕಾರವಾದರೆ ಒಂದು ಚುಕ್ಕೆಗೆ, ಉದ್ದ ಬಾಟಲಿಯಾದರೆ ಒಂದು ಗೆರೆಗೆ. ಲೆಕ್ಕ ಹಾಕಿದರೆ ಆ ಬೆಳಕು ಕೂಡುವ ಜಾಗ ಬಾಟಲಿಯ ಹಿಂದೆ, ಹೆಚ್ಚೆಂದರೆ ಅದರ ಅರ್ಧ ಅಗಲದಷ್ಟು ದೂರದಲ್ಲಿ. ಅಂದರೆ 8 ಸೆಂಟಿಮೀಟರ್ ಅಗಲದ ಬಾಟಲಿಗೆ ಸುಮಾರು 4 ಸೆಂಟಿಮೀಟರ್ ಹಿಂದೆ. ಅಲ್ಲೇ ಕರ್ಟನ್ನೋ ಹಳೇ ಪೇಪರಿನ ಕಟ್ಟೋ ಇದ್ದರೆ ಕರಗಬಹುದು, ಹೊತ್ತಬಹುದು. ಲಂಡನ್ ಅಗ್ನಿಶಾಮಕ ದಳ ಕಿಟಕಿಯ ಬಳಿ ಗಾಜಿನ ಅಲಂಕಾರಿಕ ವಸ್ತು, ಕನ್ನಡಿ ಇಡುವವರಿಗೆ ಇಂಥ ಎಚ್ಚರಿಕೆ ಕೊಟ್ಟಿದೆ.

ಹೆಚ್ಚಿನ ಉದ್ದ ಬಾಟಲಿಗಳಲ್ಲಿ ಬೆಂಕಿ ಹೊತ್ತುವಷ್ಟು ಶಾಖ ಸೇರುವುದಿಲ್ಲ. ಬಣ್ಣದ ಗಾಜಿನಲ್ಲಿ ಇನ್ನೂ ಕಡಿಮೆ. ಖಾಲಿ ಬಾಟಲಿಗೆ ಈ ಗುಣ ಇಲ್ಲವೆಂದೇ ಹೇಳಬೇಕು. ಹಾಗಾಗಿ ಹೆದರಬೇಕಿಲ್ಲ. ನೀರು ತುಂಬಿದ ದುಂಡು, ಬಿಳಿ ಗಾಜಿನ ಪಾತ್ರೆಯನ್ನು ಮಾತ್ರ ನೇರ ಬಿಸಿಲಿನಿಂದ ಸರಿಸಿ. ಬಿಸಿಲಿನಿಂದ ಸರಿಸಿದರೆ ಮನಿ ಪ್ಲಾಂಟ್ ನೀರಿನಲ್ಲಿ ಪಾಚಿ ಕಟ್ಟುವುದೂ ಕಡಿಮೆಯಾಗುತ್ತದೆ.

ನಮ್ಮ ತೀರ್ಮಾನ: ಅಪರೂಪ, ಆದರೆ ನಿಜ.

ಫಾರ್ವರ್ಡ್ 6: "ಹಳೇ ಗೋಲಿ ಸೋಡಾ ಬಾಟಲಿಗೆ ಲಕ್ಷ ರೂಪಾಯಿ. ಫೋಟೋ ಕಳಿಸಿ"

ಹಳೇ ನಾಣ್ಯ, ಹಳೇ ನೋಟು, ಹಳೇ ಟಿವಿಯೊಳಗಿನ "ಕೆಂಪು ಪಾದರಸ" ಆದಮೇಲೆ ಈಗ ಬಾಟಲಿಗಳ ಸರದಿ. ಕಥೆ ಒಂದೇ. ಫೋಟೋ ಕಳಿಸಿದ ಮೇಲೆ "ನಿಮ್ಮದು ಆಯ್ಕೆಯಾಗಿದೆ" ಎನ್ನುತ್ತಾರೆ. ಆಮೇಲೆ ನೋಂದಣಿ ಶುಲ್ಕ, ಜಿಎಸ್‌ಟಿ, ಕೊರಿಯರ್ ಎಂದು ನಿಮ್ಮಿಂದಲೇ ಹಣ ಕೀಳುತ್ತಾರೆ. ಹಳೇ ನೋಟು ನಾಣ್ಯಗಳ ಹೆಸರಿನಲ್ಲಿ ತನ್ನ ಹೆಸರು, ಲಾಂಛನ ಬಳಸಿ ಹೀಗೆ ಶುಲ್ಕ ಕೇಳುವವರಿಗೆ ಮರುಳಾಗಬೇಡಿ ಎಂದು 2021ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕೇ ಎಚ್ಚರಿಸಿತ್ತು. ಕೊಳ್ಳುವವನು ದುಡ್ಡು ಕೊಡಬೇಕು. ಕೇಳಿದರೆ ಅವನು ಕೊಳ್ಳುವವನಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗೋಲಿ ಸೋಡಾ ಬಾಟಲಿಯ ನಿಜವಾದ ಕಥೆ ಮಾತ್ರ ಸೊಗಸಾಗಿದೆ. ಇಂಗ್ಲೆಂಡಿನ ಎಂಜಿನಿಯರ್ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದು. ಕತ್ತಿನಲ್ಲಿ ಒಂದು ರಬ್ಬರ್ ಉಂಗುರ, ಒಳಗೆ ಒಂದು ಗಾಜಿನ ಗೋಲಿ. ಬಾಟಲಿಯನ್ನು ತಲೆಕೆಳಗು ಮಾಡಿ ಸೋಡಾ ತುಂಬುತ್ತಾರೆ. ಗೋಲಿ ಬಾಯಿಗೆ ಬಂದು ಕೂರುತ್ತದೆ, ಒಳಗಿನ ಅನಿಲದ ಒತ್ತಡವೇ ಅದನ್ನು ರಬ್ಬರಿಗೆ ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಮುಚ್ಚಳವೇ ಬೇಡ. ಕುಡಿಯುವಾಗ ಗೋಲಿ ಅಡ್ಡ ಬರದಿರಲೆಂದು ಕತ್ತಿನಲ್ಲಿ ಎರಡು ಕಚ್ಚು. 1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ಪೇಟೆಂಟ್ ಪಡೆದ, ಓಪನರ್‌ನಿಂದ ತೆಗೆಯುವ ತಗಡಿನ ಮುಚ್ಚಳ ಬಂದಮೇಲೆ ಜಗತ್ತಿನ ಬಹುಪಾಲು ಕಡೆ ಗೋಲಿ ಬಾಟಲಿ ಮೂಲೆ ಸೇರಿತು. ಜಪಾನ್ ಮತ್ತು ಭಾರತದಲ್ಲಿ ಉಳಿದುಕೊಂಡಿತು.

ಇದರಿಂದಲೇ ಗೊತ್ತಾಗುವ ಸಂಗತಿ: ಗೋಲಿ ಬಾಟಲಿಗಳು ನಮ್ಮಲ್ಲಿ ಇಂದಿಗೂ ತಯಾರಾಗುತ್ತಿವೆ. ಗೋಲಿ ಇದೆ ಎಂದ ಮಾತ್ರಕ್ಕೆ ಅದು ಹಳೆಯದಲ್ಲ. ನಮ್ಮ ದೇಶದ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ನೂರು ವರ್ಷ ದಾಟಿದ ವಸ್ತುವೇ ಪ್ರಾಚ್ಯವಸ್ತು. ಅಜ್ಜಿ ಮನೆಯ ಹಾರ್ಲಿಕ್ಸ್ ಬಾಟಲಿ ಹಳೆಯದು, ಪ್ರೀತಿಯದು. ಆದರೆ ಆ ಅರ್ಥದಲ್ಲಿ ಪ್ರಾಚೀನ ಅಲ್ಲ.

ಭಾನುವಾರ ಚಿಕ್ಕಪೇಟೆ ಸುತ್ತಮುತ್ತಲಿನ ಸಂಡೆ ಬಜಾರಿನಲ್ಲೋ ಗುಜರಿ ಅಂಗಡಿಯಲ್ಲೋ ಬಾಟಲಿ ಕೊಳ್ಳುವಾಗ ಹೀಗೆ ನೋಡಿ. ಬಾಟಲಿಯ ಪಕ್ಕದಲ್ಲಿ ಅಚ್ಚಿನ ಗೆರೆ ಇರುತ್ತದೆ. ಆ ಗೆರೆ ಬಾಯಿಯ ತುದಿಯವರೆಗೂ ಹೋಗಿದ್ದರೆ ಪೂರ್ತಿ ಯಂತ್ರದಲ್ಲಿ ಮಾಡಿದ್ದು. ಅಂಥ ಸ್ವಯಂಚಾಲಿತ ಯಂತ್ರವನ್ನು ಅಮೆರಿಕದ ಮೈಕೆಲ್ ಓವೆನ್ಸ್ ರೂಪಿಸಿದ್ದು 1903ರ ಹೊತ್ತಿಗೆ. ಗೆರೆ ಕತ್ತಿನಲ್ಲೇ ನಿಂತು ಬಾಯಿಯನ್ನು ಬೇರೆಯಾಗಿ ರೂಪಿಸಿದಂತಿದ್ದರೆ ಇನ್ನೂ ಹಳೆಯದಿರಬಹುದು. ಗುಳ್ಳೆ ಇದ್ದರೆ ಹಳೆಯದು ಎಂಬ ಮಾತು ನಂಬಬೇಡಿ. ಇವತ್ತು ಕೈಯಲ್ಲಿ ಊದಿದ ಗಾಜಿನಲ್ಲೂ ಗುಳ್ಳೆ ಇರುತ್ತದೆ.

ನಮ್ಮ ತೀರ್ಮಾನ: ಬಾಟಲಿ ಚೆಂದ, ಲಕ್ಷದ ಆಸೆ ವಂಚನೆ.

ಫಾರ್ವರ್ಡ್ 7: "ಗಾಜು ಘನವಲ್ಲ, ದ್ರವ. ಹಳೇ ಬಾಟಲಿ ನಿಧಾನವಾಗಿ ಕೆಳಗೆ ಹರಿಯುತ್ತೆ"

ಹಳೇ ಬಾಟಲಿಯ ತಳ ದಪ್ಪ, ಹಳೇ ಕಿಟಕಿ ಗಾಜಿನ ಕೆಳಭಾಗ ದಪ್ಪ, ಆದ್ದರಿಂದ ಗಾಜು ಹರಿದಿದೆ ಎನ್ನುತ್ತದೆ ಈ ಸಂದೇಶ. ಗಾಜಿನಲ್ಲಿ ಅಣುಗಳ ಜೋಡಣೆ ಉಪ್ಪಿನ ಹರಳಿನಂತೆ ಸಾಲುಸಾಲಾಗಿ ಇರುವುದಿಲ್ಲ ಎಂಬುದು ನಿಜ. ಹರಿಯುವುದು ಮಾತ್ರ ಸುಳ್ಳು. 1998ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ಎಡ್ಗರ್ ಜನೋಟೊ ಹಳೆಯ ಚರ್ಚುಗಳ ಗಾಜಿನ ಬಗ್ಗೆ ಲೆಕ್ಕ ಹಾಕಿ, ಕೋಣೆಯ ಉಷ್ಣತೆಯಲ್ಲಿ ಕಣ್ಣಿಗೆ ಕಾಣುವಷ್ಟು ಹರಿಯಲು ವಿಶ್ವದ ವಯಸ್ಸೂ ಸಾಲದು ಎಂದು ತೋರಿಸಿದರು. ತಳ ದಪ್ಪವಾಗಿರುವುದು ಮಾಡುವಾಗಲೇ ಹಾಗಾಗಿದ್ದರಿಂದ.

ನಮ್ಮ ತೀರ್ಮಾನ: ಸುಳ್ಳು.

ಫಾರ್ವರ್ಡ್ 8: "ಆ್ಯಸಿಡ್ ಹಾಕಿ ತೊಳೆದರೆ ಹಳೇ ಬಾಟಲಿ ಫಳಫಳ"

ಬೇಡವೇ ಬೇಡ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಉಸಿರುಗಟ್ಟಿಸುತ್ತದೆ. ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿದರೆ "ಡಬಲ್ ಪವರ್" ಎಂಬುದೂ ಭ್ರಮೆ. ನೊರೆ ಜೋರಾಗಿ ಬರುತ್ತದೆ, ಆದರೆ ಆಮ್ಲ ಮತ್ತು ಕ್ಷಾರ ಒಂದನ್ನೊಂದು ತಿಂದು ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರಿನಂಥ ದ್ರಾವಣ.

ನಮ್ಮ ಕಡೆಯ ಬೋರ್‌ವೆಲ್, ಟ್ಯಾಂಕರ್ ನೀರು ಗಡಸು. ಬಾಟಲಿಯೊಳಗೆ ಬಿಳಿ ಪೊರೆ ಕಟ್ಟುವುದು ಅದರ ಸುಣ್ಣದಂಶದಿಂದ. ಬರೀ ವಿನೆಗರ್ ಅಥವಾ ನಿಂಬೆರಸ ಹಾಕಿ ರಾತ್ರಿಯಿಡೀ ಬಿಟ್ಟರೆ ಕರಗುತ್ತದೆ. ಕೈ ಹೋಗದ ಬಾಟಲಿಗೆ ಒಂದು ಹಿಡಿ ಅಕ್ಕಿ, ಸೋಪು ನೀರು ಹಾಕಿ ಕುಲುಕಿ. ಇಷ್ಟಾದರೂ ಮಂಜು ಹೋಗದಿದ್ದರೆ ಗಾಜಿನ ಮೇಲ್ಮೈಯೇ ಸವೆದಿದೆ ಎಂದರ್ಥ. ತೇವದಲ್ಲಿ ವರ್ಷಗಟ್ಟಲೆ ಇದ್ದ ಗಾಜಿನಿಂದ ಸೋಡಿಯಂ ಹೊರಹೋಗಿ ಹೀಗಾಗುತ್ತದೆ. ಯಾವ ಮನೆಮದ್ದಿಗೂ ಅದು ಹೋಗದು. ಅದನ್ನೇ ಅದರ ವಯಸ್ಸಿನ ಗುರುತೆಂದು ಒಪ್ಪಿಕೊಳ್ಳಿ.

ಹಳೇ ಔಷಧದ ಬಾಟಲಿಗಳ ವಿಷಯದಲ್ಲಿ ಇನ್ನೊಂದು ಮಾತು. ಕಂದು ಗಾಜು ಬೆಳಕಿನಿಂದ ಔಷಧ ಕೆಡದಿರಲು. ಕಡುನೀಲಿ ಅಥವಾ ಹಸಿರು ಗಾಜು, ಆರು ಮೂಲೆ, ಕೈಗೆ ತಗಲುವ ಉಬ್ಬು ಗೆರೆಗಳು ಇದ್ದರೆ ಅದು ಬ್ರಿಟಿಷರ ಕಾಲದ ವಿಷದ ಬಾಟಲಿಯಿರಬಹುದು. ಕತ್ತಲಲ್ಲಿ ಮುಟ್ಟಿದರೂ ವಿಷವೆಂದು ಗೊತ್ತಾಗಲಿ ಎಂದೇ ಹಾಗೆ ಮಾಡುತ್ತಿದ್ದರು. ಒಳಗೆ ಪುಡಿಯೋ ಕರೆಯೋ ಉಳಿದಿದ್ದರೆ ಕೊಳ್ಳಬೇಡಿ, ಮೂಸಬೇಡಿ.

ಹಳೇ ಬಾಟಲಿಯಲ್ಲಿ ಕುಡಿಯಬಹುದೇ?

ಹಾರ್ಲಿಕ್ಸ್ ಬಾಟಲಿಯಲ್ಲಿ ಉಪ್ಪಿನಕಾಯಿ, ಕಿಸಾನ್ ಸ್ಕ್ವಾಶ್ ಬಾಟಲಿಯಲ್ಲಿ ಫ್ರಿಜ್ಜಿನ ನೀರು: ನಮ್ಮ ಅಮ್ಮಂದಿರು ಮಾಡಿದ್ದು ಸರಿಯೇ. ಸಾಮಾನ್ಯ ಗಾಜು ಆಹಾರದೊಂದಿಗೆ ಬೆರೆಯುವುದಿಲ್ಲ. ತಗಡಿನ ಮುಚ್ಚಳ ಮಾತ್ರ ಉಪ್ಪು ಹುಳಿಗೆ ತುಕ್ಕು ಹಿಡಿಯುತ್ತದೆ, ಅದನ್ನು ಬದಲಿಸಿ.

ಎಚ್ಚರ ಬೇಕಾದದ್ದು ಬೇರೆ ಕಡೆ. ಭಾರವಾದ, ಕೆತ್ತನೆಯ ಹೊಳಪಿನ ಹಳೇ ಕ್ರಿಸ್ಟಲ್ ಬಾಟಲಿಗಳಲ್ಲಿ ಸೀಸ ಇರುತ್ತದೆ. ಅವುಗಳಲ್ಲಿ ವೈನ್ ಇಟ್ಟರೆ ದಿನ ಕಳೆದಂತೆ ಸೀಸ ಅದರೊಳಗೆ ಸೇರುತ್ತದೆ ಎಂದು 1991ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಹಳೇ ಗಾಜಿನ ಮೇಲಿನ ಬಣ್ಣದ ಚಿತ್ತಾರಗಳಲ್ಲೂ ಸೀಸ, ಕ್ಯಾಡ್ಮಿಯಂ ಇರಬಹುದು. ಹಿಂದೆ ಏನಿತ್ತೆಂದು ಗೊತ್ತಿಲ್ಲದ ಬಾಟಲಿ ನೋಟಕ್ಕೆ ಮಾತ್ರ. ಹಳೇ ಗೋಲಿ ಬಾಟಲಿಗೆ ಮನೆಯಲ್ಲಿ ಸೋಡಾ ತುಂಬಬೇಡಿ. ಗೀರು ಬಿದ್ದ ಗಾಜು ಒತ್ತಡಕ್ಕೆ ಸಿಡಿಯಬಹುದು. ಫಿನಾಯಿಲ್, ಆ್ಯಸಿಡ್‌ಗಳನ್ನು ಜ್ಯೂಸ್ ಬಾಟಲಿಗೆ ಸುರಿದು ಇಡುವ ಅಭ್ಯಾಸವನ್ನಂತೂ ಇವತ್ತೇ ಬಿಡಿ. ಬಾಯಾರಿದ ಮಗುವಿಗೆ ಬಾಟಲಿ ಮಾತ್ರ ಕಾಣುತ್ತದೆ.

ಒಡೆದುಹೋದರೆ?

ಒಡೆದ ಗಾಜು ಅಶುಭವೋ ಅಲ್ಲವೋ, ಅದು ನಿಮ್ಮ ನಂಬಿಕೆ. ಆದರೆ ಒಣ ಕಸದ ಚೀಲಕ್ಕೆ ಹಾಗೇ ಎಸೆದರೆ ಅದನ್ನು ಕೈಯಲ್ಲಿ ಬೇರ್ಪಡಿಸುವ ಪೌರಕಾರ್ಮಿಕರ ಬೆರಳು ಕೊಯ್ಯುತ್ತದೆ. ನಾಲ್ಕು ಪದರ ನ್ಯೂಸ್‌ಪೇಪರ್‌ನಲ್ಲಿ ಸುತ್ತಿ, ಟೇಪ್ ಹಾಕಿ, ಮೇಲೆ "ಗಾಜು" ಎಂದು ದೊಡ್ಡದಾಗಿ ಬರೆದು, ಬೇರೆಯಾಗಿ ಕೈಗೆ ಕೊಡಿ. ಇಡೀ ಬಾಟಲಿ ಬೇಡವೆನಿಸಿದರೆ ಗುಜರಿಗೆ ಕೊಡಿ. ಬಿಯರ್ ಬಾಟಲಿಗಳು ತೊಳೆದು ಮತ್ತೆ ಬಳಕೆಯಾಗುತ್ತವೆ, ಒಡೆದದ್ದು ಕರಗಿ ಹೊಸ ಗಾಜಾಗುತ್ತದೆ.

ಗ್ರೂಪ್‌ಗೆ ಕಳಿಸಬೇಕಾದದ್ದು ಇಷ್ಟು

• ಬಾಟಲಿ ಗಿಡದ ನೀರು ವಾರಕ್ಕೊಮ್ಮೆ ಬದಲಿಸಿ, ಒಳಗೋಡೆ ತಿಕ್ಕಿ.
• ದಾರ ಮತ್ತು ಬೆಂಕಿಯಿಂದ ಬಾಟಲಿ ಕತ್ತರಿಸಬೇಡಿ.
• ಬಟನ್ ಸೆಲ್ ಲೈಟ್ ಮಕ್ಕಳ ಕೈಗೆ ಸಿಗದಿರಲಿ. ನುಂಗಿದ ಅನುಮಾನವಿದ್ದರೆ ತಕ್ಷಣ ಆಸ್ಪತ್ರೆ.
• ಹಿಂದೆ ಏನಿತ್ತೆಂದು ಗೊತ್ತಿಲ್ಲದ ಬಾಟಲಿಯಲ್ಲಿ ಕುಡಿಯಬೇಡಿ.
• ಬಾಟಲಿಗೆ ಲಕ್ಷ ಕೊಡುತ್ತೇವೆಂದು ಶುಲ್ಕ ಕೇಳಿದರೆ 1930.
• ನೀಲಿ ನೀರಿಗೆ ನಾಯಿ ಹೆದರುವುದಿಲ್ಲ.

ಅಜ್ಜಿಯ ಅಟ್ಟದಲ್ಲಿ ಸಿಕ್ಕ ಬಾಟಲಿಯನ್ನು ತೊಳೆದು, ಒರೆಸಿ, ಬೆಳಕು ಬೀಳುವ ಕಡೆ ಇಟ್ಟು ನೋಡಿ. ಅದರ ಚೆಲುವಿಗೆ ಯಾವ ಫಾರ್ವರ್ಡ್‌ನ ಸಹಾಯವೂ ಬೇಕಿಲ್ಲ. ಮುಂದಿನ ಸಲ ಇಂಥ ಸಂದೇಶ ಬಂದಾಗ ಕಳಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: "ಇದನ್ನು ನೋಡಿ ನಮ್ಮ ಮನೆಯ ಮಗುವೇ ಮಾಡಿದರೆ?" ಉತ್ತರ ಹೌದಾದರೆ ಮಾತ್ರ ಕಳಿಸಿ.